ಎಷ್ಟು ಕಡೆ ಹಾಕಿದ್ರಿ? ಸಿ.ಡಿ. ಎಷ್ಟು ಬಂತು?

ರಾಗಿ ಕಣ ಮುಗೀತು. ಸ್ವಲ್ಪ ಪುರುಸೊತ್ತು ಸಿಕ್ಕಿದೆ, ಹಂಗಾಗಿ ಬರೀತಿದೀನಿ. ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ. ದುಡ್ಡಿನ ವಿಚಾರ.

ಬೆಳೆ ಟಾನಿಕ್ ಮಾರೋರು ಎಲ್ಲಾ ಊರಿಗೂ ಬರ್ತಾರೆ. ಒಂದು ಪಟ್ಟೆಗೆ ಹೊಡೆದಿರ್ತಾರೆ, ಪಕ್ಕದ್ದಕ್ಕೆ ಹೊಡೆದಿರಲ್ಲ. ಬೋರ್ಡು, ಶಾಮಿಯಾನ, ಟೀ ಬನ್ನು ಎಲ್ಲಾ ಇರುತ್ತೆ. ಕೊನೆಗೆ 'ಶೇಕಡ 12 ಇಳುವರಿ ಜಾಸ್ತಿ' ಅಂತ ಮೈಕಲ್ಲಿ ಹೇಳ್ತಾರೆ, ನಾವು ಬಾಟಲಿ ತಗೊಂಡು ಮನೆಗೆ ಬರ್ತೀವಿ. ಒಂದೇ ಪಟ್ಟೆ ನೋಡಿ ಹೇಳಿದ ಲೆಕ್ಕ ಲೆಕ್ಕವೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಬರೀ ಬಾಯಿಮಾತಿಗೆ ಹೇಳ್ತಿಲ್ಲ, ಈ ಸಲ ಅಳೆದು ನೋಡಿದೀನಿ.

ನನ್ನ ಖುಷ್ಕಿ ಹೊಲ ಇಳಿಜಾರು. ಮೇಲುಗಡೆ ಗರಸು ಮಣ್ಣು, ಕೆಳಗೆ ಬದುವಿನ ಹತ್ರ ಮಣ್ಣು ಚೆನ್ನಾಗಿದೆ. ಮೇಲಿಂದ ಕೆಳಕ್ಕೆ ಐದು ಸಾಲು ಮಾಡಿ, ಒಂದೊಂದು ಸಾಲಲ್ಲೂ 5 ಮೀಟರ್ ಉದ್ದ 4 ಮೀಟರ್ ಅಗಲದ ಎರಡೆರಡು ತಾಕು ಗುರುತು ಮಾಡಿದೆ. ಯಾವುದಕ್ಕೆ ಟಾನಿಕ್ ಅಂತ ಪ್ರತಿ ಸಾಲಿಗೂ ನಾಣ್ಯ ಚಿಮ್ಮಿ ತೀರ್ಮಾನ. ಬೀಜ, ಗೊಬ್ಬರ, ಕಳೆ ಎಲ್ಲಾ ಒಂದೇ ಥರ. ಬೇರೆ ಬೇರೆ ಬಡಿದು, ತೂರಿ, ತೂಗಿದಾಗ ಬಂದಿದ್ದು ಇಷ್ಟು. ಟಾನಿಕ್ ಇಲ್ಲದ್ದು ಮೇಲಿಂದ ಕೆಳಕ್ಕೆ 4.1, 4.4, 4.8, 5.0, 5.2 ಕೆ.ಜಿ. ಹೊಡೆದದ್ದು 4.6, 4.3, 4.7, 5.3, 5.6 ಕೆ.ಜಿ.

ಮೊದಲನೇ ಸಾಲು ಒಂದನ್ನೇ ನೋಡಿ. 4.1 ಇದ್ದದ್ದು 4.6 ಆಗಿದೆ, ಅಂದ್ರೆ ಶೇಕಡ 12 ಜಾಸ್ತಿ! ಆ ಸಾಲಿಗೆ ಶಾಮಿಯಾನ ಹಾಕಿಬಿಟ್ರೆ ಮುಗೀತು. ಅದೇ ಎರಡನೇ, ಮೂರನೇ ಸಾಲಿಗೆ ಹೋದ್ರೆ ಟಾನಿಕ್ ಹೊಡೆದದ್ದೇ ನೂರು ಗ್ರಾಂ ಕಮ್ಮಿ. ಐದೂ ಸೇರಿಸಿ ಸರಾಸರಿ ತೆಗೆದ್ರೆ 4.7ಕ್ಕೆ 4.9. ತಾಕಿಗೆ 200 ಗ್ರಾಂ, ಎಕರೆಗೆ ಸುಮಾರು 40 ಕೆ.ಜಿ. ವ್ಯತ್ಯಾಸ. ಈ 40 ಕೆ.ಜಿ. ಟಾನಿಕ್ಕಿಂದ ಬಂತೋ, ಮಣ್ಣಿನ ಆಟವೋ?

ಇದನ್ನ ಹೇಳೋಕೆ ಸಾಫ್ಟ್‌ವೇರ್ ಇದೆ. ಕೇರಳ ಕೃಷಿ ವಿಶ್ವವಿದ್ಯಾಲಯದವರು ಮಾಡಿರೋ 'ಗ್ರೇಪ್ಸ್', ಹಿಸಾರಿನ ಹರಿಯಾಣ ಕೃಷಿ ವಿಶ್ವವಿದ್ಯಾಲಯದ 'ಆಪ್‌ಸ್ಟ್ಯಾಟ್'. ಎರಡೂ ಬ್ರೌಸರ್‌ನಲ್ಲೇ ತೆರೆಯುತ್ವೆ, ದುಡ್ಡು ಕೊಡೋ ಹಾಗಿಲ್ಲ. ಗ್ರೇಪ್ಸ್ ಒಳಗೆ ಓಡೋದು 'ಆರ್' ಅನ್ನೋ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಮೇಷ್ಟ್ರುಗಳು ಶುರು ಮಾಡಿದ್ದು ಅದು. ಅದರಲ್ಲಿ ಕೋಡ್ ಬರೀಬೇಕು, ನಮ್ಮಂಥ ಎಸ್ಸೆಸ್ಸೆಲ್ಸಿಯವರ ಕೈಲಿ ಆಗಲ್ಲ. ಗ್ರೇಪ್ಸಲ್ಲಿ ಮೆನು ಇದೆ. ಅಂಕಿಗಳ ಫೈಲು ಹಾಕು, ಉಪಚಾರ ಯಾವ ಕಾಲಮ್ಮು, ಸಾಲು ಯಾವ ಕಾಲಮ್ಮು, ಇಳುವರಿ ಯಾವುದು ಅಂತ ಆರಿಸು, ಬಟನ್ ಒತ್ತು, ಅಷ್ಟೇ.

ಕೃಷಿ ಬಿಎಸ್ಸಿ ಓದೋ ಅಣ್ಣನ ಮಗಳು ಕೂತು ಹಾಕಿಕೊಟ್ಟಳು. ಬಂದ ಸಿ.ಡಿ. 0.35. ಅಂದ್ರೆ ಎರಡು ಸರಾಸರಿಗೂ ಮಧ್ಯೆ ಕನಿಷ್ಠ 350 ಗ್ರಾಂ ವ್ಯತ್ಯಾಸ ಇದ್ರೆ ಮಾತ್ರ 'ಇದು ಟಾನಿಕ್ಕಿನ ಕೆಲಸ' ಅಂತ ಧೈರ್ಯವಾಗಿ ಹೇಳಬಹುದು. ನಮ್ಮದು 200. ಟಾನಿಕ್ಕೇ ಸುಳ್ಳು ಅಂತ ಇದರರ್ಥ ಅಲ್ಲ, ಐದು ಸಾಲಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಹಿಡಿಯೋಕೆ ಆಗಲ್ಲ. ಆದ್ರೆ ನನ್ನ ಹೊಲದಲ್ಲಿ ಇದಕ್ಕೆ ದುಡ್ಡು ಸುರಿಯೋಕೆ ಆಧಾರ ಸಿಕ್ಕಿಲ್ಲ.

ಆಮೇಲೆ ಮಗು ಇನ್ನೊಂದು ತೋರಿಸಿತು. 'ನೋಡು ಚಿಕ್ಕಪ್ಪ' ಅಂತ ಅವೇ ಹತ್ತು ಅಂಕಿ ಇಟ್ಕೊಂಡು ಮೆನುವಲ್ಲಿ ಆರ್‌ಬಿಡಿ ಬದಲು ಸಿಆರ್‌ಡಿ ಒತ್ತಿದಳು. ಸಾಲು ಸಾಲಿಗೆ ಮಣ್ಣು ಬೇರೆ ಅನ್ನೋದನ್ನ ಈ ಸಿಆರ್‌ಡಿ ಲೆಕ್ಕಕ್ಕೇ ತಗೊಳಲ್ಲ. ಸಿ.ಡಿ. ಒಂದೇ ಸಲ 0.72ಕ್ಕೆ ಹಾರಿತು, ದುಪ್ಪಟ್ಟು! 'ಯಾಕೆ ಇದು ಒತ್ತಿದೆ, ನಿನ್ನ ಹೊಲ ಇಳಿಜಾರಲ್ವಾ' ಅಂತ ಮೆನು ಕೇಳಲಿಲ್ಲ. ಹಾಕಿದ್ದನ್ನ ರುಬ್ಬಿ ಕೊಡ್ತು.

ನನ್ನ ತಕರಾರು ಇಲ್ಲೇ. ಮೆನು ಕೊಟ್ಟು ಸುಲಭ ಮಾಡಿದ್ದು ದೊಡ್ಡ ಉಪಕಾರ, ಅನುಮಾನ ಇಲ್ಲ. ಆದ್ರೆ ಲೆಕ್ಕದ ಹೆಸರುಗಳ ಪಟ್ಟಿ ಕೊಟ್ಟು ಆರಿಸು ಅಂದ್ರೆ ಆರಿಸೋಕೆ ಮೊದಲೇ ಗೊತ್ತಿರಬೇಕಲ್ಲ? ದಾರಿ ತೋರಿಸೋದಾದ್ರೆ ಹೊಲದಿಂದ ಶುರು ಮಾಡಬೇಕು. ಹೊಲ ಸಮವೋ ಇಳಿಜಾರೋ, ಯಾವ ತಾಕಿಗೆ ಏನು ಅಂತ ಚೀಟಿ ಎತ್ತಿದ್ರೋ ಇಲ್ವೋ, ಎಷ್ಟು ಸಾಲು. ಇಷ್ಟು ಕನ್ನಡದಲ್ಲಿ ಕೇಳಿದ್ರೆ ಆರ್‌ಬಿಡಿಯೋ ಸಿಆರ್‌ಡಿಯೋ ಅನ್ನೋದನ್ನ ಅದೇ ಆರಿಸಬಹುದು. ಈ ಲೆಕ್ಕ ಹುಟ್ಟಿದ್ದೂ ಹೊಲದಲ್ಲೇ ಕಣ್ರೀ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಗೊಬ್ಬರದ ಪ್ರಯೋಗ ನಡೀತಿತ್ತು. 1919ರಲ್ಲಿ ಅಲ್ಲಿಗೆ ಸೇರಿದ ಫಿಶರ್ ಅನ್ನೋರು ಆ ಗೋಧಿ ಲೆಕ್ಕ ಬಿಡಿಸ್ತಾ ಬಿಡಿಸ್ತಾ ಈ ವಿಧಾನ ಕಟ್ಟಿದ್ದು. ಈಗ ಇದನ್ನ ಕಾಲೇಜಿನ ಥೀಸಿಸ್ಸಿಗೆ ಮಾತ್ರ ಅಂತ ಇಟ್ಕೊಂಡಿದೀವಿ.

ಇನ್ನೊಂದು ಮಾತು. ಒಂದೇ ಪಟ್ಟೆ ಹಾಕಿದ ಅಂಕಿ ತಗೊಂಡು ಯಾವ ಸಾಫ್ಟ್‌ವೇರಿಗೆ ಹಾಕಿದ್ರೂ ಸಿ.ಡಿ. ಬರಲ್ಲ. ಸಾಲು ಸಾಲಿಗೆ ಎಷ್ಟು ಏರುಪೇರು ಅಂತ ಅಳೆಯೋಕೆ ಅಲ್ಲಿ ಎರಡನೇ ಸಾಲೇ ಇಲ್ವಲ್ಲ. ಅದಕ್ಕೇ ಮುಂದಿನ ಸಲ ಶಾಮಿಯಾನದ ಕೆಳಗೆ ಕೂತಾಗ ಬನ್ನು ತಿನ್ನಿ, ಬೇಡ ಅನ್ನಲ್ಲ. ಮೈಕು ಹಿಡಿದೋರಿಗೆ ಎಷ್ಟು ಕಡೆ ಹಾಕಿದ್ರಿ, ಸಿ.ಡಿ. ಎಷ್ಟು ಅಂತ ಎರಡು ಪ್ರಶ್ನೆ ಕೇಳಿ.

ಮುಂದಿನ ಮುಂಗಾರಿಗೆ ಸತುವಿನದು ನೋಡಬೇಕು ಅಂತಿದೀನಿ, ಹಾಕಿದ್ದು ಹಾಕದ್ದು ಎರಡೇ. ನಿಮ್ಮ ಹೊಲದಲ್ಲೂ ಐದು ಸಾಲು ಬಿಡೋರು ಇದ್ರೆ ಬಿತ್ತನೆಗೆ ಮುಂಚೆ ಹೇಳಿ. ಟೇಪು, ಗೂಟ, ತಕ್ಕಡಿ ನನ್ನ ಹತ್ರ ಇದೆ.