ಬದಿಯ ಜೇಬಿನಲ್ಲಿದ್ದ ಕಿತ್ತಳೆ ದಾರ

ನನ್ನ ಮೊಮ್ಮಗಳು ಪುಟ್ಟಿಗೆ ಈಗ 13 ವರ್ಷ. ಶನಿವಾರ, ಭಾನುವಾರ ಬೆಳಿಗ್ಗೆ ಏರ್ ಪಿಸ್ತೂಲಿನ ಅಭ್ಯಾಸಕ್ಕೆಂದು ಶೂಟಿಂಗ್ ರೇಂಜಿಗೆ ಹೋಗುತ್ತಾಳೆ. ಅಪ್ಪ ಅಮ್ಮನಿಗೆ ಬಿಡುವಿಲ್ಲ. ಹಾಗಾಗಿ ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು, ಹಗ್ಗದ ಆಚೆ ಬೆಂಚಿನ ಮೇಲೆ ಕೂತು ಪೇಪರ್ ಓದುವುದು, ವಾಪಸ್ಸು ಕರೆತರುವುದು ನನ್ನ ಪಾಲಿಗೆ ಬಂದಿದೆ. ಮೊದಮೊದಲು ನನಗಿದು ಒಂಚೂರೂ ಹಿಡಿಸಿರಲಿಲ್ಲ. ಹೆಣ್ಣುಮಗು ಭರತನಾಟ್ಯ ಕಲಿಯಲಿ, ಗಂಡುಮಗು ಕ್ರಿಕೆಟ್ ಆಡಲಿ, ಯಾರ ಕೈಯಲ್ಲೂ ಪಿಸ್ತೂಲು ಬೇಡ ಎನ್ನುವ ಕಾಲದವನು ನಾನು. ಒಂದು ದಿನ ಅಲ್ಲಿ ಕೂತು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಇಪ್ಪತ್ತು ಮಕ್ಕಳಿದ್ದ ಆ ಹಾಲಿನಲ್ಲಿ ನಮ್ಮೂರಿನ ದೇವಸ್ಥಾನದಲ್ಲಿ ಇರುವುದಕ್ಕಿಂತ ಹೆಚ್ಚು ನಿಶ್ಶಬ್ದವಿತ್ತು.

ಗುರಿ 10 ಮೀಟರ್ ದೂರ. ಪಿಸ್ತೂಲಿನ ಗುರಿಯಲ್ಲಿ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್ ಅಗಲ, ಅಂದರೆ ನಮ್ಮ ಒಂದು ರೂಪಾಯಿ ನಾಣ್ಯದ ಸುಮಾರು ಅರ್ಧ. ಏರ್ ರೈಫಲ್ಲಿನದು ಇನ್ನೂ ವಿಚಿತ್ರ, ಅರ್ಧ ಮಿಲಿಮೀಟರಿನ ಚುಕ್ಕೆ. ನೀವು ಓದುತ್ತಿರುವ ಈ ಸಾಲಿನ ಕೊನೆಯಲ್ಲಿರುವ ಪೂರ್ಣವಿರಾಮ ನೋಡಿ, ಹೆಚ್ಚು ಕಡಿಮೆ ಅಷ್ಟೇ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇಂಥ ಚುಕ್ಕೆಗೆ ಗುರಿಯಿಟ್ಟು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸಿನಲ್ಲಿ ಪಿಸ್ತೂಲು ಹಿಡಿದು ನಿಂತಿದ್ದರು. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಪುಟ್ಟಿಯೇ.

ಈಗ ಚೀಲದ ವಿಷಯಕ್ಕೆ ಬರುತ್ತೇನೆ. ಮೊದಲು ಅವಳು ಹಳೆಯ ಸ್ಕೂಲ್ ಬ್ಯಾಗನ್ನೇ ಒಯ್ಯುತ್ತಿದ್ದಳು. ಅದರ ತಳದಲ್ಲಿ ಪೆನ್ಸಿಲ್ ಹೊಟ್ಟು, ಬಿಸ್ಕತ್ತಿನ ಪುಡಿ, ಯಾವುದೋ ಕಾಲದ ಹುಣಿಸೆ ಬೀಜ. ಬೇಕಾದದ್ದು ಕೈಗೆ ಸಿಗುತ್ತಿರಲಿಲ್ಲ. ಹೊಸದು ಕೊಳ್ಳಲು ಹೋದಾಗ ನನ್ನ ಕಣ್ಣು ಒಂದು ಹೆಗಲಿಗೆ ನೇತುಹಾಕುವ ದೊಡ್ಡ ಚೀಲದ ಮೇಲೆ ಬಿತ್ತು, ಅಗ್ಗವೂ ಆಗಿತ್ತು. ಪುಟ್ಟಿ ಒಪ್ಪಲಿಲ್ಲ. "ಅಜ್ಜ, ಪಿಸ್ತೂಲನ್ನ ಒಂದೇ ಕೈಲಿ ಹಿಡೀಬೇಕು. ಅರ್ಧ ಗಂಟೆ ಅದೇ ಹೆಗಲಿಗೆ ಭಾರ ಹಾಕಿಕೊಂಡು ಹೋದರೆ ಅಲ್ಲಿ ಹೋಗಿ ಕೈ ನಡುಗತ್ತೆ" ಅಂದಳು. ಸರಿ, ಎರಡು ಹೆಗಲಿಗೆ ಹಾಕುವುದನ್ನೇ ಆರಿಸಿದೆವು. ಬಾಯಿ ಪೂರ್ತಿ ತೆರೆದುಕೊಳ್ಳಬೇಕು, ಒಳಗೆ ತಿಳಿಬಣ್ಣದ ಬಟ್ಟೆ ಇರಬೇಕು, ಹಾಗಿದ್ದರೆ ಸಣ್ಣ ವಸ್ತು ಬಿದ್ದರೂ ಕಾಣುತ್ತದೆ. ಹೊರಗೆ ಬಂದೂಕಿನ ಚಿತ್ರಗಿತ್ರ ಬೇಡ ಅನ್ನುವುದು ನನ್ನ ಷರತ್ತು. ಬಸ್ಸಿನಲ್ಲಿ ಜನ ಸುಮ್ಮನೆ ದಿಟ್ಟಿಸುವುದು ಯಾಕೆ?

ಪಿಸ್ತೂಲು ಆ ಚೀಲದಲ್ಲಿ ಇರುವುದಿಲ್ಲ. ಅದು ಕ್ಲಬ್ಬಿನದು. ಗಟ್ಟಿ ಪೆಟ್ಟಿಗೆಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಕೋಚ್ ಅವರ ವಶದಲ್ಲಿರುತ್ತದೆ. ಸ್ವಂತದ್ದು ಇರುವ ಮಕ್ಕಳ ಪೆಟ್ಟಿಗೆಯನ್ನು ಮನೆಯ ಹಿರಿಯರೇ ಹಿಡಿದು ತರುತ್ತಾರೆ, ದಾರಿಯಲ್ಲಿ ಯಾರೂ ತೆರೆಯುವುದಿಲ್ಲ. ಅಲ್ಲಿಯ ಮೊದಲ ಪಾಠವೇ ಅದು: ಪೆಟ್ಟಿಗೆ ತೆರೆಯುವುದು ಗುಂಡು ಹಾರಿಸುವ ಜಾಗದಲ್ಲಿ ಮಾತ್ರ, ನಳಿಗೆಯ ಮುಖ ಗುರಿಯ ಕಡೆಗೇ. ಖಾಲಿ ಇದ್ದರೂ ಅಷ್ಟೇ, ತಮಾಷೆಗೂ ಯಾರ ಕಡೆಗೂ ತಿರುಗಿಸುವಂತಿಲ್ಲ. ಹಾಗೆ ಮಾಡಿದ ಹುಡುಗನೊಬ್ಬನನ್ನು ಒಂದು ತಿಂಗಳು ಮನೆಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಸರಿಯಾಗಿಯೇ ಮಾಡಿದರು.

ಹಾಗಾದರೆ ಚೀಲದಲ್ಲಿ ಏನಿರುತ್ತದೆ? ಪೆಲೆಟ್ಟಿನ ತಗಡಿನ ಡಬ್ಬಿ. ಪೆಲೆಟ್ ಅಂದರೆ 4.5 ಮಿಲಿಮೀಟರ್ ಅಗಲದ ಸೀಸದ ಪುಟ್ಟ ಗುಂಡು, ಸೊಂಟ ಸಣ್ಣಗೆ, ಕೆಳಗೆ ಲಂಗದಂತೆ ಅಗಲ. ಸೀಸ ಮೆತ್ತಗಿನ ಲೋಹ. ಡಬ್ಬಿ ಕುಲುಕಿ ಆ ಲಂಗ ಸೊಟ್ಟಗಾದರೆ ಗುರಿ ತಪ್ಪುತ್ತದೆ. ಅದಕ್ಕೇ ಮುಚ್ಚಳದ ಒಳಗೆ ಸ್ಪಂಜು, ಸುತ್ತ ಒಂದು ಕರ್ಚೀಫು. ಆಮೇಲೆ ಕನ್ನಡಕ. ಒಂದು ಕಣ್ಣು ಮುಚ್ಚಿ ಗುರಿ ನೋಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲವಂತೆ, ಹಾಗೆ ಮುಚ್ಚಿಕೊಂಡೇ ಇದ್ದರೆ ಮುಖ ದಣಿಯುತ್ತದೆ. ಎರಡೂ ಕಣ್ಣು ತೆರೆದಿರಬೇಕು, ಒಂದರ ಮುಂದೆ ಸಣ್ಣ ಅಡ್ಡಪಟ್ಟಿ. ಕಿವಿಗೆ ಬಿರಟೆ, ಬೆವರು ಒರೆಸಲು ಟವೆಲ್, ಟಿಪ್ಪಣಿ ಪುಸ್ತಕ, ಪೆನ್ನು. ಚಪ್ಪಟೆ ತಳದ ಶೂ. ಪಿಸ್ತೂಲಿನವರು ಕಾಲಿನ ಗಂಟು ಮುಚ್ಚುವ ಶೂ ಹಾಕುವಂತಿಲ್ಲ ಎಂಬ ನಿಯಮವಿದೆ. ಇನ್ನೊಂದು ಕೈ ಜೇಬಿನಲ್ಲಿ ಇಟ್ಟುಕೊಂಡರೆ ಮೈ ಅಲುಗುವುದಿಲ್ಲವಂತೆ. ಹೆಣ್ಣುಮಕ್ಕಳ ಪ್ಯಾಂಟಿಗೆ ನಿಜವಾದ ಜೇಬು ಹುಡುಕಲು ನಾವು ಅಲೆದ ಅಂಗಡಿಗಳ ಲೆಕ್ಕ ಇಲ್ಲಿ ಬೇಡ. ಕೊನೆಗೆ ಟೈಲರ್ ಹತ್ತಿರ ಹೊಲಿಸಿದೆವು.

ನನ್ನ ವಯಸ್ಸಿನವರಿಗೆ ಒಂದು ಮಾತು. ತಿಂಡಿಯನ್ನು ಪೆಲೆಟ್ ಡಬ್ಬಿಯ ಜೊತೆ ಇಡಬೇಡಿ. ನನ್ನ ಹೆಂಡತಿ ಮೊದಲ ವಾರ ಕೋಡುಬಳೆ ಕಟ್ಟಿ ಅದರ ಪಕ್ಕಕ್ಕೇ ತುರುಕಿದ್ದಳು. ಸೀಸ ಕೈಗೆ ಅಂಟುತ್ತದೆ, ಹೊಟ್ಟೆಗೆ ಹೋಗಬಾರದು. ತಿಂಡಿಗೆ ಬೇರೆಯೇ ಸಣ್ಣ ಚೀಲ, ಅದರ ಜೊತೆ ಒಂದು ಸೋಪು. ಕೈ ತೊಳೆದ ಮೇಲೆಯೇ ಕೋಡುಬಳೆ.

ಇಷ್ಟೆಲ್ಲ ಕಲಿತ ಮೇಲೂ ನಾನು ಮಾಡಿದ ಕೆಲಸ ಕೇಳಿ.

ಕಳೆದ ತಿಂಗಳು ಪುಟ್ಟಿಯ ಮೊದಲ ಸ್ಪರ್ಧೆ. ಹಿಂದಿನ ರಾತ್ರಿ ಒಂಬತ್ತಕ್ಕೇ ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಚೀಲ ಒಂದು ಸಲ ನೋಡಿಬಿಡೋಣ ಅಂತ ತೆಗೆದೆ. ಎಲ್ಲ ಹೊರಗಿಟ್ಟು, ಒರೆಸಿ, ನನಗೆ ಸರಿ ಕಂಡ ಹಾಗೆ ಜೋಡಿಸಿದೆ. ಬದಿಯ ಜೇಬಿನಲ್ಲಿ ಒಂದು ಗೇಣಿಗಿಂತ ಉದ್ದದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ ಸಿಕ್ಕಿತು. ಊರಿನ ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ಮಷೀನಿಗೆ ಹಾಕುತ್ತಾರಲ್ಲ, ಥೇಟ್ ಅದೇ. ರಜೆಗೆ ಹೋದಾಗ ಆಡುತ್ತಾ ತಂದಿರಬೇಕು ಅಂದುಕೊಂಡೆ. ಬಾಲ್ಕನಿಯ ಟೊಮೆಟೊ ಗಿಡ ಗಾಳಿಗೆ ವಾಲಿತ್ತು. ಆ ದಾರದಿಂದ ಅದನ್ನು ಕೋಲಿಗೆ ಕಟ್ಟಿ, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮಲಗಿದೆ.

ಅದು ಸೇಫ್ಟಿ ಫ್ಲ್ಯಾಗ್. ಪಿಸ್ತೂಲಿನಲ್ಲಿ ಗುಂಡಿಲ್ಲ ಎಂದು ದೂರದಿಂದಲೇ ಎಲ್ಲರಿಗೂ ಕಾಣಲಿ ಅಂತ ನಳಿಗೆಯೊಳಗೆ ಈ ತುದಿಯಿಂದ ಆ ತುದಿಯವರೆಗೆ ಹಾಯಿಸುವ ದಾರ. ಹುಲ್ಲಿನ ಮಷೀನಿನ ದಾರವನ್ನೇ ಕತ್ತರಿಸಿ ಬಳಸುವವರು ಎಷ್ಟೋ ಜನ. ಅವರ ಕ್ಲಬ್ಬಿನಲ್ಲಿ ಅವರವರ ದಾರ ಅವರವರ ಜವಾಬ್ದಾರಿ.

ಮರುದಿನ ಅವಳ ಸರದಿ ಬಂತು. ಗುರಿ ಹದ ಮಾಡಿಕೊಳ್ಳಲು 15 ನಿಮಿಷ, ಆಮೇಲೆ 60 ಗುಂಡುಗಳಿಗೆ 75 ನಿಮಿಷ. ಎಲ್ಲ ಮಕ್ಕಳೂ ಶುರು ಮಾಡಿದರು. ಪುಟ್ಟಿ ಮಾತ್ರ ಚೀಲದ ಮುಂದೆ ಮೊಣಕಾಲೂರಿ ಕೂತಿದ್ದಳು. ಬದಿಯ ಜೇಬು ನೋಡಿದಳು, ಮುಂದಿನದು ನೋಡಿದಳು, ಮತ್ತೆ ಬದಿಯದು. ಅಧಿಕಾರಿಯೊಬ್ಬರು ಬಗ್ಗಿ ಏನೋ ಕೇಳಿ, ತಲೆಯಾಡಿಸಿ, ಎರಡು ಬೆರಳಿನಿಂದ ದಾರದ ಉದ್ದ ತೋರಿಸಿದರು. ಆಗ ನನಗೆ ಹೊಳೆಯಿತು. ಅಂಗೈ ತಣ್ಣಗಾಯಿತು.

ಸುಮ್ಮನೆ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಗು ಮರೆತಳು ಅಂತ ಆಗುತ್ತಿತ್ತು. ಆ ಯೋಚನೆ ಒಂದು ಕ್ಷಣ ಬಂದದ್ದೂ ನಿಜ. ಆಮೇಲೆ ಹೊರಗೆ ಓಡಿ ಕೋಚ್ ಅವರನ್ನು ಹುಡುಕಿ, "ಅದು ಅವಳ ತಪ್ಪಲ್ಲ ಸರ್, ನಾನು ತೆಗೆದು ಗಿಡಕ್ಕೆ ಕಟ್ಟಿಬಿಟ್ಟೆ" ಅಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಕಾರಿನಿಂದ ದಾರದ ಸುರುಳಿ ತಂದು ಒಂದು ತುಂಡು ಕತ್ತರಿಸಿ ಒಳಗೆ ಕೊಟ್ಟರು. ಅಷ್ಟರಲ್ಲಿ 15ರಲ್ಲಿ 11 ನಿಮಿಷ ಹೋಗಿತ್ತು.

ಮೊದಲ ಹತ್ತು ಗುಂಡಿಗೆ ನೂರಕ್ಕೆ 78 ಬಂತು. ಅಭ್ಯಾಸದಲ್ಲಿ ಅವಳಿಗೆ ಅಷ್ಟು ಕಡಿಮೆ ಬರುತ್ತಿರಲಿಲ್ಲ. ನಡುವೆ ಒಮ್ಮೆ ಪಿಸ್ತೂಲು ಮೇಜಿನ ಮೇಲಿಟ್ಟು, ನೀರು ಕುಡಿದು, ನೆಲ ನೋಡುತ್ತಾ ನಿಂತಳು. ಕೊನೆಯ ಹತ್ತಕ್ಕೆ 91. ಪದಕದ ಹತ್ತಿರಕ್ಕೂ ಬರಲಿಲ್ಲ.

ಬಸ್ಸಿನಲ್ಲಿ ನಾನು ಮನು ಭಾಕರ್ ಕಥೆ ತೆಗೆದೆ. 2021ರಲ್ಲಿ ಟೋಕಿಯೋದಲ್ಲಿ ಅರ್ಹತಾ ಸುತ್ತಿನ ನಡುವೆಯೇ ಆಕೆಯ ಪಿಸ್ತೂಲು ಕೆಟ್ಟಿತು, ರಿಪೇರಿಗೆ ಸಮಯ ಹೋಗಿ ಫೈನಲ್ ತಪ್ಪಿತು, ಆದರೂ 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದಳು ಅಂತ. "ನನಗೆ ಗೊತ್ತು ಅಜ್ಜ, ನಾನೇ ನಿಮಗೆ ಹೇಳಿದ್ದು" ಅಂದು ಕಿಟಕಿಯ ಕಡೆ ತಿರುಗಿದಳು. ಎರಡು ಸ್ಟಾಪು ದಾಟಿದ ಮೇಲೆ ಕೇಳಿದಳು: "ನಿಮ್ಮ ಮಾತ್ರೆ ಡಬ್ಬಿನ ನಾನು ರಾತ್ರಿ ತೆಗೆದು, ನನಗೆ ಚೆನ್ನಾಗಿ ಕಂಡ ಹಾಗೆ ಜೋಡಿಸಿದರೆ?"

ನನ್ನ ಡಬ್ಬಿಯಲ್ಲಿ ಬಿಪಿ ಮಾತ್ರೆ ಎಡಕ್ಕೆ, ಸಕ್ಕರೆ ಕಾಯಿಲೆಯದು ಬಲಕ್ಕೆ. ಕತ್ತಲಲ್ಲೂ ಕೈಗೆ ಸಿಗುತ್ತವೆ. ಯಾರಾದರೂ ಮುಟ್ಟಿದರೆ ನಾನು ಮನೆಯೆಲ್ಲ ಕೂಗಾಡುತ್ತೇನೆ. ಉತ್ತರ ಕೊಡಲಾಗಲಿಲ್ಲ.

ಈಗ ನಮ್ಮಲ್ಲಿ ಒಂದು ಕ್ರಮ ಬಂದಿದೆ. ಶುಕ್ರವಾರ ಸಂಜೆ ಅವಳೇ ಚೀಲ ಜೋಡಿಸುತ್ತಾಳೆ. ನಾನು ಎದುರು ಕೂತು ಚೀಟಿ ನೋಡಿ ಒಂದೊಂದೇ ಹೆಸರು ಓದುತ್ತೇನೆ. ಅವಳು ವಸ್ತುವನ್ನು ಎತ್ತಿ ತೋರಿಸಿ ಒಳಗಿಡುತ್ತಾಳೆ. ನನ್ನ ಕೈ ಮಡಿಲಲ್ಲೇ ಇರಬೇಕು. ಮೊದಲು ಓದುವ ಹೆಸರು ದಾರದ್ದು. ಈಗ ಎರಡು ಇಟ್ಟುಕೊಂಡಿದ್ದಾಳೆ, ಒಂದು ಬದಿಯ ಜೇಬಿನಲ್ಲಿ, ಇನ್ನೊಂದು ಟಿಪ್ಪಣಿ ಪುಸ್ತಕದ ಒಳಗೆ.

ಹಳೆಯದನ್ನು ಬಿಚ್ಚಿ ತೊಳೆದು ಕೊಡಲೇ ಅಂತ ಮೊನ್ನೆ ಕೇಳಿದೆ. ಬಾಲ್ಕನಿಗೆ ಹೋಗಿ ನೋಡಿ ಬಂದಳು. "ಬೇಡ ಅಜ್ಜ. ಮೂರು ಕಾಯಿ ಬಿಟ್ಟಿದೆ, ಬಿಚ್ಚಿದರೆ ಗಿಡ ಬೀಳತ್ತೆ."