ಸಮ್ಮೇಳನಕ್ಕೆ ಹೋಗೋದು ಟೀ ಶರ್ಟಿಗಾ ಸ್ವಾಮಿ?

"ಸೈಪೈ ಸಮ್ಮೇಳನಕ್ಕೆ ಹೋಗ್ತಾ ಇದೀನಿ, ಯಾವ ಭಾಷಣ ತಪ್ಪಿಸ್ಕೋಬಾರದು?" ಅಂತ ಆಗಾಗ ಯಾರಾದ್ರೂ ಕೇಳ್ತಾರೆ. ಭಾಷಣ ಎಲ್ಲಾ ತಪ್ಪಿದರೂ ಪರವಾಗಿಲ್ಲ, ಕೊನೆಯ ಸ್ಪ್ರಿಂಟ್ ಮಾತ್ರ ಬಿಡಬೇಡಿ ಅಂದರೆ ಮುಖ ಸಿಂಡರಿಸ್ತಾರೆ.

ಗೊತ್ತಿಲ್ಲದವರಿಗಾಗಿ: ಪೈಥಾನ್ ಬಳಸಿ ವಿಜ್ಞಾನದ ಲೆಕ್ಕ ಮಾಡುವವರು ವರ್ಷಕ್ಕೊಮ್ಮೆ ಸೇರುವ ಜಾತ್ರೆ ಇದು. ಅಮೆರಿಕದ್ದು ಬಹಳ ವರ್ಷ ಆಸ್ಟಿನ್‌ನಲ್ಲಿ ನಡೆದು 2024ರಲ್ಲಿ ಟಕೋಮಾಗೆ ಹೋಯಿತು. ನಮ್ಮ ದೇಶದ ಮೊದಲನೆಯದು 2009ರ ಡಿಸೆಂಬರಿನಲ್ಲಿ ತಿರುವನಂತಪುರದಲ್ಲಿ, ಮುಂದಿನ ವರ್ಷ ಹೈದರಾಬಾದಿನಲ್ಲಿ, ಆಮೇಲೆ ಮುಂಬಯಿಯ ಐಐಟಿಯಲ್ಲಿ. ಅಮೆರಿಕದ್ದು ಸಾಮಾನ್ಯವಾಗಿ ಎರಡು ದಿನ ಪಾಠ, ಮೂರು ದಿನ ಭಾಷಣ, ಎರಡು ದಿನ ಸ್ಪ್ರಿಂಟ್.

ಪಾಠಕ್ಕೆ ಹೋಗುವವರು ತಂತ್ರಾಂಶಗಳನ್ನೆಲ್ಲ ಮನೆಯಲ್ಲೇ ಹಾಕಿಕೊಂಡು ಹೋಗಿ. ಇಲ್ಲದಿದ್ದರೆ ಅರ್ಧ ಪಾಠ ವೈಫೈಗೆ ಶಾಪ ಹಾಕುವುದರಲ್ಲೇ ಮುಗಿಯತ್ತೆ. ಭಾಷಣಗಳು ಹೆಚ್ಚಿನವು ಆಮೇಲೆ ಯೂಟ್ಯೂಬಿನಲ್ಲಿ ಸಿಗುತ್ತವೆ. ಐದೈದು ನಿಮಿಷದ ಮಿಂಚಿನ ಮಾತುಗಳು ಮಜವಾಗಿರುತ್ತವೆ, ಕೂತು ಕೇಳಿ.

ಸ್ಪ್ರಿಂಟ್ ಅಂದರೆ ಓಟ ಅಲ್ಲ, ಕೂತು ಮಾಡುವ ಕೆಲಸ. ಒಂದೊಂದು ಮೇಜಿಗೆ ಒಂದೊಂದು ತಂತ್ರಾಂಶ. ಅದನ್ನು ಬರೆದವರೇ ಅಲ್ಲಿರುತ್ತಾರೆ. ಮೊದಲ ಸಲ ಬಂದವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತಪ್ಪು ತಿದ್ದುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಅಷ್ಟು ಹೊತ್ತಿಗೆ ನಮ್ಮವರು ಎಲ್ಲಿ? ಟೀ ಶರ್ಟು ಚೀಲಕ್ಕೆ ಹಾಕಿಕೊಂಡು ಏರ್‌ಪೋರ್ಟಿನಲ್ಲಿ! ಕೋಸಂಬರಿ ತಿಂದು, ಅನ್ನ ಬಡಿಸುವ ಮೊದಲೇ ಎಲೆ ಮಡಚಿದ ಹಾಗೆ.

ಪೂರ್ತಿ ಅವರದ್ದೇ ತಪ್ಪು ಅಂತಲೂ ಅಲ್ಲ. ನಾನು ಹಿಂದೆ ಇದ್ದ ಒಂದು ಸಂಸ್ಥೆಯಲ್ಲಿ ರಜೆ ಕೇಳಿದರೆ ಮೊದಲ ಪ್ರಶ್ನೆ, "ಪೇಪರ್ ಓದ್ತೀರಾ?" ಓದಿದರೆ ಟಿಎ ಡಿಎ ಎಲ್ಲಾ ಉಂಟು. ಸ್ಪ್ರಿಂಟ್ ಅಂದರೆ, "ಅದು ನಿಮ್ಮ ಸ್ವಂತ ಕೆಲಸ, ರಜೆ ನಿಮ್ಮದು." ಆದರೆ ಅದೇ ಸಂಸ್ಥೆಯ ಅಷ್ಟೂ ಪೇಪರಿನ ಲೆಕ್ಕ ನಡೆಯುತ್ತಿದ್ದದ್ದು ನಂಪೈ ಮೇಲೆ, ಬಿಟ್ಟಿಯಾಗಿ. ನಂಪೈ 1.0 ಬಂದದ್ದು 2006ರಲ್ಲಿ. ಅದರ ಕೆಲಸಕ್ಕೆಂದೇ ಮೂರ್ ಫೌಂಡೇಷನ್ನಿನ ದೊಡ್ಡ ಅನುದಾನ ಸಿಕ್ಕಿದ್ದು 2017ರಲ್ಲಿ. ಅಲ್ಲಿವರೆಗೆ ಬಹುಪಾಲು ಎಳೆದವರು ತಮ್ಮ ಬಿಡುವಿನಲ್ಲಿ ದುಡಿದ ಒಂದಿಷ್ಟು ಜನ. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಅದರ ಹಿಂದೆಯೂ ಇದೇ ನಂಪೈ ಇತ್ತು.

"ನಂಗೆ ಅಷ್ಟೆಲ್ಲ ಬರಲ್ಲ ಸಾರ್" ಅನ್ನುವವರಿಗೆ ನಮ್ಮದೇ ಒಂದು ಉದಾಹರಣೆ ಕೊಡ್ತೀನಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫ್ ಬರೆದು ತಲೆಬರಹ ಕನ್ನಡದಲ್ಲಿ ಕೊಟ್ಟು ನೋಡಿದವರಿಗೆ ಗೊತ್ತು. ಒಳ್ಳೆ ಫಾಂಟ್ ಕೊಟ್ಟರೂ ಬಹಳ ವರ್ಷ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿಯೇ ಬರುತ್ತಿದ್ದವು. ನಮ್ಮಂಥ ಲಿಪಿಗಳ ಅಕ್ಷರ ಕೂಡಿಸುವ ಭಾಗವೇ ಅದರೊಳಗೆ ಇರಲಿಲ್ಲ. "ಮಳೆಯ ಪ್ರಮಾಣ" ಅಂತ ಬರೆದರೆ "ಪ್‌ರಮಾಣ" ಥರ ಕಾಣುವ ಏನೋ ಒಂದು. ಕನ್ನಡದಲ್ಲಿ ವಿಜ್ಞಾನ ಬರೆಯಬೇಕು ಅಂತ ಭಾಷಣ ಬಿಗಿಯುವ ನಾವು ಮಾಡಿದ್ದೇನು? ಗ್ರಾಫಿಗೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟು ಸುಮ್ಮನಾದದ್ದು. ಆಸ್ಟಿನ್ನಿನಲ್ಲಿ ಕೂತ ಹುಡುಗನಿಗೆ ಒಡೆದ ಒತ್ತಕ್ಷರವೂ ಒಂದೇ, ಸರಿಯಿದ್ದದ್ದೂ ಒಂದೇ. ಅವನಿಗೆ ಇದು ತಪ್ಪು ಅಂತ ಕಾಣುವುದಾದರೂ ಹೇಗೆ? ಅವನ ಮೇಜಿಗೆ ಹೋಗಿ, ನೋಡಪ್ಪಾ ಇದು ಹೀಗೆ ಬರಬೇಕು ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸೋಕೆ ಪಿಎಚ್‌ಡಿ ಬೇಕಾ? ನಾಲ್ಕನೇ ಕ್ಲಾಸಿನ ಕಾಗುಣಿತ ಸಾಕು.

ಅದಕ್ಕೇ ಹೇಳ್ತಿರೋದು, ಟಿಕೆಟ್ ಬುಕ್ ಮಾಡುವಾಗಲೇ ವಾಪಸ್ ದಿನ ಎರಡು ದಿನ ಮುಂದೆ ಹಾಕಿ. ಜೊತೆಗೊಂದು ಎಕ್ಸ್‌ಟೆನ್ಷನ್ ಬೋರ್ಡ್ ಇರಲಿ, ಆ ಮೇಜುಗಳಲ್ಲಿ ಪ್ಲಗ್ ಪಾಯಿಂಟಿಗೆ ಭಾರೀ ಜಗಳ :)