ಗರಗಸಕ್ಕೆ ಫಿಲ್ಟರ್ ಇದೆ, ಗರಗಸ ಹಿಡಿದವರಿಗೆ?

ಇವತ್ತಿನ ಸಂಚಿಕೆ ಮಾಮೂಲಿಗಿಂತ ಸ್ವಲ್ಪ ಬೇರೆ. ವಿಜ್ಞಾನ ಇರುತ್ತೆ, ಜೊತೆಗೆ ನಮ್ಮದೊಂದು ಅಭಿಪ್ರಾಯವೂ ಇರುತ್ತೆ. ಒಪ್ಪದಿದ್ದವರು ಜಗಳಕ್ಕೆ ಬನ್ನಿ, ಬೇಡ ಅನ್ನಲ್ಲ.

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆ ಇರೋ ಕೇಳುಗರಿಗೆ ಈ ದೃಶ್ಯ ಹೊಸದಲ್ಲ. ಚಳಿಗಾಲದ ಬೆಳಗ್ಗೆ, ರಸ್ತೆ ಅರ್ಧ ಬಂದ್, ಕಿತ್ತಳೆ ಬಣ್ಣದ ಕೋನ್‌ಗಳು, ಮರದ ಮೇಲೆ ಹಗ್ಗ ಕಟ್ಟಿಕೊಂಡ ಒಬ್ಬರು, ಕೆಳಗೆ ಇಬ್ಬರು, ಬೀದಿಗೆಲ್ಲ ಕೇಳೋ ಚೈನ್‌ಸಾ ಸದ್ದು. ನಾವು ಶಾಪ ಹಾಕ್ತಾ ಬೇರೆ ದಾರಿ ಹಿಡೀತೀವಿ. ಇನ್ನೊಂದು ಸಲ ಸಿಕ್ಕಿದರೆ ಎರಡು ನಿಮಿಷ ನಿಂತು ನೋಡಿ. ಚಹಾ ವಿರಾಮದಲ್ಲಿ ಕೆಲಸಗಾರರೊಬ್ಬರು ಗರಗಸದ ಮೇಲಿನ ಮುಚ್ಚಳ ತೆಗೆದು, ಅಂಗೈಯಷ್ಟಗಲದ ಒಂದು ಫಿಲ್ಟರ್ ಹೊರಗೆ ಎಳೀತಾರೆ. ಕಡಿದ ಮರದ ಬುಡಕ್ಕೆ ಟಪ ಟಪ ಅಂತ ಕುಟ್ಟುತ್ತಾರೆ. ಹಿಟ್ಟಿನಂಥ ಧೂಳಿನ ಸಣ್ಣ ಮೋಡವೊಂದು ಏಳುತ್ತೆ. ಅವರ ಮುಖ ಸರಿಯಾಗಿ ಅದರ ಮೇಲೇ ಇರುತ್ತೆ.

ಆ ಸಣ್ಣ ಮೋಡವೇ ನಮ್ಮ ಇವತ್ತಿನ ವಿಷಯ.

ಮೊದಲು ಆ ಫಿಲ್ಟರ್ ಯಾಕೆ ಬೇಕು ನೋಡೋಣ. ವೃತ್ತಿಪರರು ಬಳಸುವ ಪೆಟ್ರೋಲ್ ಚೈನ್‌ಸಾದಲ್ಲಿ ಇರೋದು ಟು-ಸ್ಟ್ರೋಕ್ ಎಂಜಿನ್. ಪ್ರತಿ ಸುತ್ತಿಗೂ ಒಂದು ಸಲ ಗಾಳಿ ಎಳೆದುಕೊಳ್ಳುತ್ತೆ. 60 ಸಿಸಿ ಎಂಜಿನ್, ನಿಮಿಷಕ್ಕೆ 10,000 ಸುತ್ತು ಅಂದುಕೊಳ್ಳಿ. ಗುಣಿಸಿದರೆ ನಿಮಿಷಕ್ಕೆ 600 ಲೀಟರ್ ಗಾಳಿ. ಇದು ಲೆಕ್ಕದ ಗರಿಷ್ಠ, ನಿಜದಲ್ಲಿ ಇನ್ನಷ್ಟು ಕಡಿಮೆ. ಆದರೂ ಅಷ್ಟು ಗಾಳಿಯನ್ನು ಅದು ಎಳೆದುಕೊಳ್ಳೋದು ಎಲ್ಲಿಂದ? ಮರದ ಪುಡಿ ಹಾರುತ್ತಿರೋ ಜಾಗದಿಂದಲೇ. ಕಾರಿನ ಎಂಜಿನ್‌ಗೆ ಈ ಕಷ್ಟ ಇಲ್ಲ. ಚೈನ್‌ಸಾ ಮಾತ್ರ ತಾನೇ ಎಬ್ಬಿಸಿದ ಧೂಳಿನಲ್ಲಿ ತಾನೇ ಉಸಿರಾಡಬೇಕು.

ಫಿಲ್ಟರ್ ಕಟ್ಟಿಕೊಂಡರೆ ಏನಾಗುತ್ತೆ? ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಎಂಜಿನ್ ಹೊಗೆ ಕಾರುತ್ತೆ, ಶಕ್ತಿ ಕಳೆದುಕೊಳ್ಳುತ್ತೆ, ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯುತ್ತೆ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತೆ. ಹಳೆಯ ಗರಗಸದಲ್ಲಿ ಇನ್ನೊಂದು ಬಲೆ ಇದೆ. ಶಕ್ತಿ ಕುಂದಿತು ಅಂತ ಕೆಲಸಗಾರ ಕಾರ್ಬುರೇಟರ್ ತಿರುಪು ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡುತ್ತಾನೆ. ಸಂಜೆ ಫಿಲ್ಟರ್ ತೊಳೆದು ಹಾಕುತ್ತಾನೆ. ಮರುದಿನ ಗಾಳಿ ಧಾರಾಳ, ಪೆಟ್ರೋಲ್ ಮಾತ್ರ ಕಮ್ಮಿ. ಟು-ಸ್ಟ್ರೋಕ್‌ನಲ್ಲಿ ಎಣ್ಣೆ ಬರೋದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಮ್ಮಿ ಅಂದರೆ ಎಣ್ಣೆಯೂ ಕಮ್ಮಿ, ಬಿಸಿ ಜಾಸ್ತಿ. ಪಿಸ್ಟನ್ ಹಿಡಿದುಕೊಂಡು ನಿಂತಿತು ಅಂದರೆ ಗರಗಸದ ಕಥೆ ಮುಗೀತು.

ತಯಾರಕರು ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ, ಚೆನ್ನಾಗಿಯೇ ಕೆಡಿಸಿಕೊಂಡಿದ್ದಾರೆ. ಹಸ್ಕ್ವರ್ನಾ ಗರಗಸಗಳಲ್ಲಿ ಫ್ಲೈವೀಲ್‌ನ ರೆಕ್ಕೆಗಳೇ ಗಾಳಿಯನ್ನು ಗಿರಗಿರ ತಿರುಗಿಸಿ, ಭಾರದ ಕಣಗಳನ್ನು ಹೊರಗೆಸೆದು, ಶುದ್ಧ ಗಾಳಿಯನ್ನಷ್ಟೇ ಫಿಲ್ಟರ್ ಕಡೆ ಕಳಿಸುತ್ತವೆ. ಮೊಸರು ಕಡೆದು ಬೆಣ್ಣೆ ತೆಗೆದ ಹಾಗೆ. ಸ್ಟಿಲ್ ಕಂಪನಿಯವರು ಫಿಲ್ಟರ್ ಬಟ್ಟೆಯ ರಂಧ್ರಗಳನ್ನೇ ಸಣ್ಣದು ಮಾಡಿದರು, ಕಾರ್ಬುರೇಟರ್‌ಗೆ ಒಂದು ಸಮತೋಲಕ ಸೇರಿಸಿದರು. ಫಿಲ್ಟರ್ ಕಟ್ಟುತ್ತಾ ಹೋದಂತೆ ಅದು ಪೆಟ್ರೋಲನ್ನೂ ತಾನಾಗಿ ತಗ್ಗಿಸುತ್ತೆ. ಈಗಂತೂ ಸಣ್ಣ ಕಂಪ್ಯೂಟರ್ ಕೂತು ಮಿಶ್ರಣವನ್ನು ಸರಿಪಡಿಸುತ್ತಾ ಇರುತ್ತೆ.

ಒಳ್ಳೆಯ ಎಂಜಿನಿಯರಿಂಗ್. ಎರಡು ಮಾತಿಲ್ಲ. ಆದರೆ ಅದೇ ಜಾಗದಲ್ಲಿ, ಆ ಫಿಲ್ಟರ್‌ನಿಂದ ಅರ್ಧ ಮೀಟರ್ ದೂರದಲ್ಲಿ, ಇನ್ನೊಂದು ಎಂಜಿನ್ ಗಾಳಿ ಎಳೆದುಕೊಳ್ಳುತ್ತಾ ಇದೆ. ಮೈ ಬಗ್ಗಿಸಿ ದುಡಿಯೋ ಮನುಷ್ಯ ನಿಮಿಷಕ್ಕೆ ಸುಮಾರು 40 ಲೀಟರ್ ಗಾಳಿ ಉಸಿರಾಡುತ್ತಾನೆ. ಅವನಿಗೆ ತಲೆಗೆ ಹೆಲ್ಮೆಟ್, ಕಿವಿಗೆ ಮುಚ್ಚಳ, ಕಾಲಿಗೆ ಸರಪಳಿಯನ್ನು ತಡೆದು ನಿಲ್ಲಿಸೋ ಪ್ಯಾಂಟು, ಕೈಗವಸು, ಬೂಟು ಎಲ್ಲ ಇದೆ. ಮುಖಕ್ಕೆ? ಹೆಚ್ಚಾಗಿ ತಂತಿಬಲೆಯ ಮುಸುಕು. ಚಕ್ಕೆ ತಡೆಯುತ್ತೆ, ಧೂಳು ತಡೆಯಲ್ಲ. ಸೊಳ್ಳೆಗೆ ಅಂತ ಮೀನಿನ ಬಲೆ ಕಟ್ಟಿದ ಹಾಗೆ.

ನಮ್ಮ ವಾದ ಇಷ್ಟೇ. ಆ ಫಿಲ್ಟರನ್ನು ನಾವು ಯಂತ್ರದ ಬಿಡಿಭಾಗ ಅಂತಷ್ಟೇ ನೋಡ್ತಾ ಬಂದಿದ್ದೀವಿ. ಅದು ಒಂದು ಸಾಕ್ಷಿ. ಇಲ್ಲಿ ಕೆಲಸ ಮಾಡೋರ ಸುತ್ತ ಎಂಥ ಗಾಳಿ ಇತ್ತು ಅಂತ ದಿನದಿನವೂ ಹೇಳ್ತಾ ಇದೆ. ಆ ಸಾಕ್ಷಿ ಕೇಳಿ ನಾವು ಗರಗಸಕ್ಕೆ ಚಿಕಿತ್ಸೆ ಕೊಡ್ತೀವಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಈ ಮಾತು ಈಗ ಯಾಕೆ ಅಂದರೆ, ಇಂಗ್ಲೆಂಡಿನಲ್ಲಿ ಆ್ಯಶ್ ಮರಗಳು ಸಾಯುತ್ತಿವೆ. ಕ್ರಿಕೆಟ್ ಸ್ಟಂಪ್ ಮಾಡೋದು ಸಾಮಾನ್ಯವಾಗಿ ಇದೇ ಮರದಲ್ಲಿ. ಆ್ಯಶ್ ಡೈಬ್ಯಾಕ್ ಅನ್ನೋ ಶಿಲೀಂಧ್ರ ರೋಗ ಬ್ರಿಟನ್ನಿನಲ್ಲಿ ಮೊದಲು ಖಚಿತವಾಗಿದ್ದು 2012ರಲ್ಲಿ. ಶೇಕಡ 80ರವರೆಗೆ ಆ್ಯಶ್ ಮರಗಳು ಹೋಗಬಹುದು ಅನ್ನೋ ಅಂದಾಜಿದೆ. ಡರ್ಬಿಶೈರ್‌ನ ಕಣಿವೆ ಕಾಡುಗಳಲ್ಲಿ ಆ್ಯಶ್ ಮರಗಳದೇ ರಾಜ್ಯ. ರಸ್ತೆ ಬದಿ, ಶಾಲೆ ಪಕ್ಕ, ರೈಲು ಹಳಿ ಪಕ್ಕ ಸತ್ತು ನಿಂತ ಮರವನ್ನು ಕಡಿಯದೆ ವಿಧಿಯಿಲ್ಲ, ಯಾವಾಗ ಮುರಿದು ಬೀಳುತ್ತೋ ಗೊತ್ತಿಲ್ಲ.

ಇಲ್ಲಿ ಹಸಿಮರಕ್ಕೂ ಒಣಮರಕ್ಕೂ ಇರೋ ವ್ಯತ್ಯಾಸ ಮುಖ್ಯ. ಹಸಿಮರ ಕೊಯ್ದರೆ ದಪ್ಪ, ಒದ್ದೆ ಚಕ್ಕೆ ಬರುತ್ತೆ, ಕಾಲ ಬುಡದಲ್ಲೇ ಬೀಳುತ್ತೆ. ವರ್ಷಗಟ್ಟಲೆ ಸತ್ತು ಒಣಗಿದ ಮರ ಕೊಯ್ದರೆ ನುಣ್ಣನೆಯ ಪುಡಿ. ಅದು ಗಾಳಿಯಲ್ಲಿ ತೇಲುತ್ತೆ, ಫಿಲ್ಟರ್‌ಗೂ ಬೇಗ ಮೆತ್ತಿಕೊಳ್ಳುತ್ತೆ. ಫಿಲ್ಟರ್ ಬೇಗ ಕಟ್ಟುತ್ತಿದೆ ಅಂದರೆ ಅದೇ ಪುಡಿ ಮೂಗಿಗೂ ಹೋಗುತ್ತಿದೆ ಅಂತ ಅರ್ಥ.

ಈ ಊರುಗಳಲ್ಲಿ ಧಾರಾಳವಾಗಿರೋ ಇನ್ನೊಂದು ಮರ ಸಿಕಮೋರ್. ಅದಕ್ಕೂ ಒಂದು ರೋಗ ಇದೆ. ಬ್ರಿಟನ್ನಿನಲ್ಲಿ 1945ರಲ್ಲಿ ಲಂಡನ್ನಿನ ವಾನ್‌ಸ್ಟೆಡ್ ಪಾರ್ಕ್‌ನಲ್ಲಿ ಮೊದಲು ಕಂಡಿತು. ಬಿಸಿಲಿನ ಬೇಸಿಗೆ ಕಳೆದ ಮೇಲೆ ತೊಗಟೆಯ ಕೆಳಗೆ ಇದ್ದಿಲಿನ ಪುಡಿಯಂಥ ಕಪ್ಪು ಬೀಜಕಣಗಳು ರಾಶಿ ರಾಶಿ ಹೊರಬೀಳುತ್ತವೆ. ಒಂದೊಂದೂ ಸುಮಾರು 5 ಮೈಕ್ರೋಮೀಟರ್, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣದು. ಪದೇ ಪದೇ ಒಳಗೆ ಹೋದರೆ ಕೆಲವರ ಶ್ವಾಸಕೋಶ ಅಲರ್ಜಿಯಿಂದ ಊದಿಕೊಳ್ಳುತ್ತೆ. 1932ರಲ್ಲೇ ಅಮೆರಿಕದ ಮಿಷಿಗನ್‌ನಲ್ಲಿ ಮೇಪಲ್ ದಿಮ್ಮಿಗಳ ತೊಗಟೆ ಸುಲಿಯುತ್ತಿದ್ದ ಕಾರ್ಮಿಕರಲ್ಲಿ ಈ ಕಾಯಿಲೆ ವರದಿಯಾಗಿತ್ತು.

ಬರೀ ಮರದ ಪುಡಿಯೂ ನಿರುಪದ್ರವಿ ಅಲ್ಲ. ಆಸ್ತಮಾ ತರಬಲ್ಲದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆ ಪುರಾವೆ ಹೆಚ್ಚಾಗಿ ಬಂದಿದ್ದು ಪೀಠೋಪಕರಣ ಕಾರ್ಖಾನೆಗಳ ಒಳಗೆ ದುಡಿದವರಿಂದ, ಅದನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ ಗಟ್ಟಿಮರದ ಧೂಳಿಗೆ ಇದ್ದ ಮಿತಿ ಘನ ಮೀಟರ್ ಗಾಳಿಗೆ 5 ಮಿಲಿಗ್ರಾಂ. 2020ರ ಜನವರಿಯಲ್ಲಿ ಅದು 3ಕ್ಕೆ ಇಳಿಯಿತು. ಯುರೋಪಿಯನ್ ಒಕ್ಕೂಟದಲ್ಲಿ 2023ರಿಂದ 2. ಆ್ಯಶ್, ಸಿಕಮೋರ್ ಎರಡೂ ಗಟ್ಟಿಮರಗಳೇ.

3 ಮಿಲಿಗ್ರಾಂ ಅಂದರೆ ಎಷ್ಟು? ನಿಮಿಷಕ್ಕೆ 40 ಲೀಟರ್‌ನಂತೆ 8 ಗಂಟೆ ಉಸಿರಾಡಿದರೆ ಸುಮಾರು 19 ಘನ ಮೀಟರ್ ಗಾಳಿ. ಮೂರರಿಂದ ಗುಣಿಸಿ. ಇಡೀ ದಿನಕ್ಕೆ 60 ಮಿಲಿಗ್ರಾಂ ಕೂಡ ಇಲ್ಲ. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಈಗ ಆ ಫಿಲ್ಟರ್ ಕುಟ್ಟಿದಾಗ ಎದ್ದ ಮೋಡವನ್ನು ಮತ್ತೆ ನೆನಪಿಸಿಕೊಳ್ಳಿ.

"ಅಯ್ಯೋ, ಬಯಲಲ್ಲಿ ಕೆಲಸ ಅಲ್ವಾ, ಗಾಳಿಗೆ ಹಾರಿಹೋಗುತ್ತೆ" ಅಂತ ನೀವು ಹೇಳಬಹುದು. ಸರಿಯೇ. ಬಯಲಲ್ಲಿ ಹಸಿಮರ ಕೊಯ್ಯೋರು ಬಡಗಿಯ ಕೊಠಡಿಯಲ್ಲಿ ಇರೋರಷ್ಟು ಧೂಳು ಕುಡಿಯಲ್ಲ. ಮಾಸ್ಕ್ ಹಾಕಿದರೆ ಸೆಕೆ, ಕನ್ನಡಕ ಮಂಜಾಗುತ್ತೆ. ಮರದ ಮೇಲೆ ಇರೋರಿಗೆ ಕಣ್ಣು ಕಾಣದಿರೋದು ಧೂಳಿಗಿಂತ ದೊಡ್ಡ ಅಪಾಯ, ಕೆಳಗಿನವರ ಜೊತೆ ಮಾತಾಡೋದೂ ಕಷ್ಟ. ಇದೆಲ್ಲ ನಿಜ. ಹಾಗಾಗಿ ಎಲ್ಲರೂ ಎಲ್ಲ ಹೊತ್ತೂ ಮಾಸ್ಕ್ ಹಾಕಿ ಅಂತ ನಾವು ಹೇಳ್ತಿಲ್ಲ. ಸತ್ತ ಆ್ಯಶ್, ಕಪ್ಪು ಪುಡಿ ಉದುರಿಸೋ ಸಿಕಮೋರ್, ಗಾಳಿಯಾಡದ ಹಿತ್ತಲು, ಇಂಥ ಕಡೆ ಲೆಕ್ಕ ಬದಲಾಗುತ್ತೆ, ಅದನ್ನು ಗಮನಿಸಿ ಅಂತಿದ್ದೀವಿ.

ಇದೇ ಸೀಮೆಯಲ್ಲಿ ಇಂಥದೇ ಕಥೆ ಒಮ್ಮೆ ನಡೆದಿದೆ. ಲೀಡ್ಸ್‌ನಿಂದ ಬರ್ಮಿಂಗ್‌ಹ್ಯಾಮ್ ಕಡೆ ಹೊರಟರೆ ದಾರಿಯಲ್ಲಿ ಶೆಫೀಲ್ಡ್ ಸಿಗುತ್ತೆ, ಚಾಕು, ಕತ್ತರಿ, ಗರಗಸಗಳ ಊರು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಸಾಣೆ ಹಿಡಿಯೋರು ಕಲ್ಲಿನ ಮತ್ತು ಉಕ್ಕಿನ ಧೂಳು ಕುಡಿದು ಸಾಯುತ್ತಿದ್ದರು. ಮ್ಯಾಂಚೆಸ್ಟರ್‌ನಲ್ಲಿದ್ದ ಫ್ರೆಡ್ರಿಕ್ ಎಂಗೆಲ್ಸ್ 1845ರ ತಮ್ಮ ಪುಸ್ತಕದಲ್ಲಿ, ಶೆಫೀಲ್ಡಿನ ವೈದ್ಯರೊಬ್ಬರ ಮಾತಿನ ಆಧಾರದ ಮೇಲೆ ಬರೆಯುತ್ತಾರೆ: ಒಣ ಕಲ್ಲಿನಲ್ಲಿ ಸಾಣೆ ಹಿಡಿಯೋರ ಆಯಸ್ಸು ಸರಾಸರಿ 35 ದಾಟೋದೇ ಕಷ್ಟ, ನೀರು ಹಾಕಿದ ಕಲ್ಲಿನವರಿಗೆ ಹೆಚ್ಚೆಂದರೆ 45. ಅದೇ ಕೆಲಸ, ಅದೇ ಊರು, ಧೂಳು ಹಾರದಿದ್ದರೆ ಹತ್ತು ವರ್ಷ ಜಾಸ್ತಿ ಬದುಕು. ಧೂಳು ಎಳೆದು ಹೊರಹಾಕೋ ಸಾಧನಗಳು ಆಗಲೇ ಬಂದಿದ್ದವು. ಕಾರ್ಮಿಕರೇ ಅವನ್ನು ಬೇಡ ಅಂದರು, ಅಲ್ಲಲ್ಲಿ ಒಡೆದೂ ಹಾಕಿದರು. ಕೆಲಸ ಸುರಕ್ಷಿತವಾದರೆ ಹೆಚ್ಚು ಜನ ಬರುತ್ತಾರೆ, ಕೂಲಿ ಇಳಿಯುತ್ತೆ ಅನ್ನೋ ಭಯ.

ಇದನ್ನು ದಡ್ಡತನ ಅಂತ ನಗೋದು ಸುಲಭ. ಆದರೆ ಪರಿಹಾರ ಇದ್ದರೆ ಸಾಲದು, ಅದರ ಖರ್ಚು ದುಡಿಯೋರ ತಟ್ಟೆಯಿಂದ ಬರಬಾರದು ಅನ್ನೋದು ಅದರೊಳಗಿರೋ ಪಾಠ. ಇವತ್ತು ಮರ ಕಡಿಯೋರಲ್ಲಿ ಅನೇಕರು ತಮ್ಮ ಸ್ವಂತ ಲೆಕ್ಕದಲ್ಲಿ ದುಡಿಯೋರು. ಅರ್ಧ ಗಂಟೆ ತಡವಾದರೆ ಅವರದೇ ನಷ್ಟ.

ಹಾಗಾದರೆ ಏನು ಮಾಡಬಹುದು? ಮೊದಲನೆಯದು ಸರಪಳಿ. ಹರಿತವಾದ ಸರಪಳಿ ಚಕ್ಕೆ ಕೊಡುತ್ತೆ, ಮೊಂಡಾದದ್ದು ಪುಡಿ ಕೊಡುತ್ತೆ. ಹರಿತ ಮಾಡಿಯೂ ಫಿಲ್ಟರ್ ಬೇಗ ಕಟ್ಟುತ್ತಿದ್ದರೆ ಮರವೇ ಒಣಗಿದೆ ಅಂತ ಅರ್ಥ, ಆಗ ಮಾಸ್ಕ್ ಹಾಕುವ ಹೊತ್ತು. ಅದೂ ಬಟ್ಟೆ ಅಲ್ಲ, 99 ಶೇಕಡ ಕಣ ತಡೆಯೋ ಎಫ್‌ಎಫ್‌ಪಿ3, ಮುಖಕ್ಕೆ ಅಳತೆ ನೋಡಿ ಕೊಟ್ಟಿದ್ದು. ಗಡ್ಡ ಇದ್ದರೆ ಅದು ಕೂರಲ್ಲ, ಫ್ಯಾನ್ ಇರೋ ಹುಡ್ ಬೇಕು. ಫಿಲ್ಟರನ್ನು ಮುಖದ ಕೆಳಗೆ ಕುಟ್ಟಬೇಡಿ. ಗಾಳಿಗೆ ಬೆನ್ನು ಮಾಡಿ ಬ್ರಷ್‌ನಿಂದ ತೆಗೆಯಿರಿ, ಮಾಮೂಲು ಬಲೆಯ ಫಿಲ್ಟರ್ ಆದರೆ ಸಂಜೆ ಸೋಪು ನೀರಲ್ಲಿ ತೊಳೆದು ಒಣಗಿಸಿ, ಒಂದು ಹೆಚ್ಚುವರಿ ಫಿಲ್ಟರ್ ಜೇಬಲ್ಲಿರಲಿ. ನಗರಸಭೆಗಳು ಮರ ಪೂರ್ತಿ ಸತ್ತು ಒಣಗೋ ತನಕ ಕಾಯಬಾರದು, ಕಡಿಯಲೇಬೇಕಾದ್ದನ್ನು ಹಸಿ ಇರುವಾಗಲೇ ಕಡಿಸಿದರೆ ಧೂಳೂ ಕಡಿಮೆ, ಕೊಂಬೆ ಮುರಿಯೋ ಅಪಾಯವೂ ಕಡಿಮೆ.

ಬ್ಯಾಟರಿ ಗರಗಸ ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋರಿಗೆ ಒಂದು ಮಾತು. ಹೊಗೆ ಹೋಗುತ್ತೆ ನಿಜ, ಅದು ದೊಡ್ಡ ಲಾಭ. ಆದರೆ ಮರ ಅದೇ, ಧೂಳು ಅದೇ. ಉಸಿರಾಡೋ ಎಂಜಿನ್ ಇಲ್ಲದ ಕಾರಣ ಕಟ್ಟಿಕೊಳ್ಳೋ ಫಿಲ್ಟರೂ ಇಲ್ಲ. ಇಷ್ಟು ದಿನ ಹೊಗೆ ಕಾರಿ, ಶಕ್ತಿ ಕುಂದಿ "ಇಲ್ಲಿ ಗಾಳಿ ಕೆಟ್ಟಿದೆ" ಅಂತಿದ್ದ ಏಕೈಕ ಸಾಕ್ಷಿಯೂ ಮಾಯ. ಆ ಸ್ಥಳದಲ್ಲಿ ಉಳಿಯೋ ಒಂದೇ ಫಿಲ್ಟರ್ ಕೆಲಸಗಾರರ ಶ್ವಾಸಕೋಶ. ಅದನ್ನು ಹೊರಗೆ ತೆಗೆದು ಕುಟ್ಟೋಕೆ ಆಗಲ್ಲ.

ನಾವು ಮಾಡಬಹುದಾದ್ದೂ ಒಂದಿದೆ. ಹಿತ್ತಲ ಮರ ಕಡಿಸಲು ಮೂರು ಕಡೆ ದರ ಕೇಳಿ ಅತಿ ಕಡಿಮೆ ಹೇಳಿದವರನ್ನು ಕರೆಯೋರು ನಾವೇ. ದರ ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: "ಮರ ಸತ್ತಿದೆ, ಧೂಳಿಗೆ ಏನು ವ್ಯವಸ್ಥೆ ಮಾಡ್ಕೊಂಡಿದ್ದೀರಿ?" ಅದಕ್ಕೆ ಸ್ವಲ್ಪ ಹೆಚ್ಚು ಖರ್ಚಾಗುತ್ತೆ ಅಂದರೆ ಕೊಡೋಣ. ಕೊಡಗು, ಚಿಕ್ಕಮಗಳೂರಿನ ತೋಟದವರೂ ಕೇಳ್ತಿದ್ದೀರಿ ಅಂತ ಗೊತ್ತು. ಬೇಸಿಗೆಯಲ್ಲಿ ಒಣಗಿದ ಸಿಲ್ವರ್ ಓಕ್ ಕೊಯ್ಯಿಸುವಾಗ ಕೊಯ್ಯೋರ ಮುಖಕ್ಕೆ ಏನಿದೆ ನೋಡಿ. ಟವೆಲ್ ಇದ್ದರೆ, ಅದು ಸಾಲದು.

ಒಂದು ಫಿಲ್ಟರ್ ಹಾಳಾದರೆ ಅಂಗಡಿಯಲ್ಲಿ ಹೊಸದು ಸಿಗುತ್ತೆ. ಉಳಿದದ್ದು ನಿಮಗೇ ಗೊತ್ತು. ಇವತ್ತಿಗೆ ಇಷ್ಟು, ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.